ಅಪಘಾತ ಎಂಬ ಮಾತು

ದಿನಪತ್ರಿಕೆಯನ್ನು ಕೈಗೆತ್ತಿಕೊಂಡಾಗ ಕನ್ನಡ ಮೇಷ್ಟರ ಕಣ್ಣು ಸುದ್ದಿಗಿಂತ ಮೊದಲು ಶಬ್ದದ ಮೇಲೆ ಬೀಳುತ್ತದೆ. ಇದು ಕಸುಬಿನಿಂದ ಅಂಟಿಕೊಂಡ ಚಾಳಿ, ಬಿಡಿಸಿಕೊಳ್ಳುವುದು ಕಷ್ಟ. ಹೀಗಾಗಿ ನಮ್ಮ ಜಿಲ್ಲೆಯ ಪುಟದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ರಸ್ತೆಯ ಸಾವುಗಳ ವರದಿಗಳನ್ನು ಓದುವಾಗ, ಸತ್ತವರಿಗಾಗಿ ಮನಸ್ಸು ಮರುಗುವುದರ ಜೊತೆಗೆ, ಆ ವರದಿಗಳ ವ್ಯಾಕರಣವೂ ನನ್ನನ್ನು ಕಾಡತೊಡಗಿದೆ. ‘ನಿಯಂತ್ರಣ ತಪ್ಪಿ ನಾಲೆಗೆ ಉರುಳಿದ ಕಾರು’, ‘ಬೈಕಿಗೆ ಲಾರಿ ಡಿಕ್ಕಿ’, ‘ಯಮಸ್ವರೂಪಿಯಾಗಿ ಬಂದ ಬಸ್ಸು’: ಇವು ನಾವೆಲ್ಲ ಕಂಡಿರುವ ತಲೆಬರಹಗಳು. ಮೊದಲನೆಯದರಲ್ಲಿ ಕಾರೇ ಕರ್ತೃ, ಎರಡನೆಯದರಲ್ಲಿ ಲಾರಿ, ಮೂರನೆಯದರಲ್ಲಂತೂ ಸಾಕ್ಷಾತ್ ಯಮಧರ್ಮ. ದಾರಿ ಹೇಗಿತ್ತು, ಬೆಳಕಿತ್ತೆ, ವೇಗವೆಷ್ಟು, ಅಂಚಿನಲ್ಲಿ ಗೋಡೆಯಿತ್ತೆ ಎಂಬ ಪ್ರಶ್ನೆಗಳಿಗೆ ಈ ವಾಕ್ಯಗಳ ಯಾವ ವಿಭಕ್ತಿಯಲ್ಲಿಯೂ ಸ್ಥಳವಿಲ್ಲ.

‘ಆಕಸ್ಮಿಕ’ ಎಂಬ ಶಬ್ದವನ್ನು ಬಿಡಿಸಿ ನೋಡೋಣ. ಸಂಸ್ಕೃತದಲ್ಲಿ ‘ಕಸ್ಮಾತ್’ ಎಂದರೆ ‘ಯಾವುದರಿಂದ’, ‘ಏತಕ್ಕಾಗಿ’. ‘ಅಕಸ್ಮಾತ್’ ಎಂದರೆ ಹಾಗೆ ಕೇಳಲು ಎಡೆಯಿಲ್ಲದಂತೆ, ಕಾರಣವಿಲ್ಲದೆ. ‘ಅಪಘಾತ’ದ ಬೇರು ಇದಲ್ಲ. ಅದರ ಒಡಲಿನಲ್ಲಿರುವುದು ‘ಹನ್’ ಎಂಬ ಧಾತು. ಹೊಡೆಯುವುದು, ಕೊಲ್ಲುವುದು ಎಂದು ಅದರ ಅರ್ಥ. ಹೊಡೆತ ಎಂದ ಮೇಲೆ ಹೊಡೆದದ್ದೊಂದು, ಹೊಡೆಸಿಕೊಂಡದ್ದೊಂದು, ಹೊಡೆತಕ್ಕೆ ಎಡೆಮಾಡಿಕೊಟ್ಟ ಸನ್ನಿವೇಶವೊಂದು ಇರಲೇಬೇಕು. ಒಂದು ಶಬ್ದ ಕಾರಣವನ್ನು ಅಲ್ಲಗಳೆಯುತ್ತದೆ. ಇನ್ನೊಂದು ಕಾರಣವನ್ನು ಬೇಡುತ್ತದೆ. ಬಳಕೆಯಲ್ಲಿ ಮಾತ್ರ ನಾವು ಎರಡನ್ನೂ ಒಂದೇ ಮಾಡಿಕೊಂಡುಬಿಟ್ಟಿದ್ದೇವೆ. ಇದು ಬರಿಯ ನಿಘಂಟಿನ ಜಗಳವಾಗಿದ್ದರೆ ನಾನು ಓದುಗರ ಭಾನುವಾರವನ್ನು ಹಾಳುಮಾಡುತ್ತಿರಲಿಲ್ಲ.

ಈ ಬೆರಕೆ ನಮ್ಮಲ್ಲಿ ಮಾತ್ರ ನಡೆದದ್ದೂ ಅಲ್ಲ. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬಾಕೆ ಮೋಟಾರು ಗಾಡಿಗೆ ಸಿಕ್ಕಿ ತೀರಿಕೊಂಡಳು. ಬ್ರಿಟನ್ನಿನಲ್ಲಿ ಮೋಟಾರು ಕಾರಿಗೆ ಬಲಿಯಾದ ಮೊದಲ ಪಾದಚಾರಿ ಅವಳೆಂದು ಹೇಳುತ್ತಾರೆ. ಪಂಚರು ಸುಮಾರು ಆರು ಗಂಟೆಗಳ ವಿಚಾರಣೆಯ ತರುವಾಯ ಕೊಟ್ಟ ತೀರ್ಮಾನ ‘ಆಕಸ್ಮಿಕ ಮರಣ’ ಎಂದು. ಮೊದಲ ಸಾವಿನ ವಿಷಯದಲ್ಲಿ ಆ ಮಾತನ್ನು ಕ್ಷಮಿಸಬಹುದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರ ಒಂದೇ ವರ್ಷದಲ್ಲಿ ಪ್ರಪಂಚದ ರಸ್ತೆಗಳಲ್ಲಿ ಸತ್ತವರು 11.9 ಲಕ್ಷ ಜನ. ಮುಂಗಾರಿನ ಹಾಗೆ ವರ್ಷ ವರ್ಷವೂ ತಪ್ಪದೆ ಬರುವುದನ್ನು ಆಕಸ್ಮಿಕವೆಂದು ಕರೆಯುವುದು ಯಾವ ಭಾಷೆಯಲ್ಲಿಯೂ ಸಲ್ಲದು.

ದೂರದ ಮಾತು ಇಷ್ಟು ಸಾಕು. ನಾನಿರುವ ಮಂಡ್ಯಕ್ಕೆ ಬರೋಣ. ಬೆಂಗಳೂರಿಗೆ ಸುಮಾರು ನೂರು, ಮೈಸೂರಿಗೆ ಸುಮಾರು ನಲವತ್ತೈದು ಕಿಲೋಮೀಟರು ದೂರದಲ್ಲಿರುವ ಈ ಪುಟ್ಟ ನಗರವನ್ನು ಬೆಳೆಸಿದವು ಒಂದು ನೀರು, ಒಂದು ದಾರಿ. 1911ರಲ್ಲಿ ಮೊದಲಾದ ಕನ್ನಂಬಾಡಿಯ ಕಟ್ಟೆಯ ಕೆಲಸ ಮುಗಿದ ಮೇಲೆ, ಆಗ ಇರ್ವಿನ್ ನಾಲೆಯೆಂದೂ ಈಗ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆ ಈ ಒಣನೆಲಕ್ಕೆ ಕಾವೇರಿಯನ್ನು ತಂದಿತು. ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ಇನ್ನು ಬೆಂಗಳೂರು–ಮೈಸೂರು ರಸ್ತೆಯೋ ಊರಿನ ನಡುವೆಯೇ ಹರಿಯುತ್ತಿದ್ದ ಎರಡನೆಯ ಹೊಳೆ. ನಮಗೆ ಬಾಳು ಕೊಟ್ಟ ಈ ನಾಲೆ, ಈ ದಾರಿಗಳೇ ನಮ್ಮಿಂದ ಮತ್ತೇನನ್ನೋ ವಸೂಲು ಮಾಡುತ್ತಿವೆಯೆಂದು ಜನ ನಿಟ್ಟುಸಿರು ಬಿಡುವುದುಂಟು. ನಿಟ್ಟುಸಿರು ಸಹಜವಾದದ್ದೆ. ಆದರೆ ನಾಲೆ ಏನನ್ನೂ ಕೇಳುವುದಿಲ್ಲ. ಅದು ಅಗೆದ ಕಡೆಗೆ ಹರಿಯುತ್ತದೆ, ಅಷ್ಟೆ.

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿತು. ಶಾಲೆಯ ಮಕ್ಕಳೂ ಸೇರಿ 30 ಜನ ಸತ್ತರು. ಅದೇ ರಾತ್ರಿ ಈ ಜಿಲ್ಲೆಯವರೇ ಆದ ನಟ ಅಂಬರೀಶರು ಬೆಂಗಳೂರಿನಲ್ಲಿ ತೀರಿಕೊಂಡರು. ಒಂದೇ ದಿನ ಎರಡು ದುಃಖಗಳನ್ನು ಮಂಡ್ಯ ಹೊತ್ತಿತು. ಒಂದು ವ್ಯಾಧಿಯಿಂದ ಬಂದ ಸಾವು. ಅದಕ್ಕೆ ವೈದ್ಯರು ಕಾರಣ ಹೇಳಬಲ್ಲರು. ಇನ್ನೊಂದಕ್ಕೆ ನಾವು ‘ವಿಧಿ’ ಎಂದೆವು. ನಾಲೆಯ ಏರಿಯ ಮೇಲಿನ ಕಿರಿದಾದ ದಾರಿಯಲ್ಲಿ ಬಸ್ಸನ್ನು ತಡೆಯುವಂಥ ಗೋಡೆ ಇರಲಿಲ್ಲವೆಂಬುದು ವಿಧಿಯಲ್ಲ. ಆಗ ತಡೆಗೋಡೆಯ ಮಾತು ಎದ್ದಿತು. 2023ರ ಜುಲೈ ಕೊನೆಯಲ್ಲಿ ಅದೇ ನಾಲೆಗೆ ಕಾರೊಂದು ಬಿದ್ದು ನಾಲ್ವರು ಹೆಂಗಸರು ಸತ್ತರು. ತಡೆಗೋಡೆಯ ಮಾತು ಮತ್ತೆ ಎದ್ದಿತು. ಅದೇ ವರ್ಷ ನವೆಂಬರ್ 7ರಂದು ಬನಘಟ್ಟದ ಬಳಿ ಇನ್ನೊಂದು ಕಾರು ಬಿದ್ದು ಐವರು ಸತ್ತರು. ಮೂರನೆಯ ಸಲವೂ ಎದ್ದದ್ದು ಅದೇ ಮಾತು. ಮೂರು ಚಾಲಕರು ಬೇರೆ, ಮೂರು ವಾಹನಗಳು ಬೇರೆ. ಬದಲಾಗದೆ ಉಳಿದದ್ದು ಅಂಚು ಒಂದೇ. ತರ್ಕಶಾಸ್ತ್ರವನ್ನು ಓದದವನಿಗೂ ಇದರಿಂದ ಹೊಳೆಯಬೇಕಾದದ್ದು ಹೊಳೆಯುತ್ತದೆ.

ಇನ್ನು ದಾರಿಯ ಮಾತು. ಜನರು ‘ದಶಪಥ’ವೆಂದು ಕರೆಯುವ ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ನಮ್ಮ ಜಿಲ್ಲೆಯಲ್ಲಿಯೇ ಉದ್ಘಾಟನೆಯಾಯಿತು. ಊರನ್ನು ಬಳಸಿಕೊಂಡು ಹೋಗುವ ಆ ನುಣ್ಣನೆಯ ದಾರಿಯಲ್ಲಿ ಸಾವುಗಳು ಗಾಬರಿಗೊಳಿಸುವಷ್ಟು ಬೆಳೆದವು. ಪೊಲೀಸರು ಪ್ರಕಟಿಸಿದ ಲೆಕ್ಕದಂತೆ ಆ ವರ್ಷದ ಮೇ ತಿಂಗಳಲ್ಲಿ 29 ಜನ, ಜೂನಿನಲ್ಲಿ 28 ಜನ ಅಲ್ಲಿ ಸತ್ತರು. ಜುಲೈಯಲ್ಲಿ ವೇಗವನ್ನು ಅಳೆಯುವ ಯಂತ್ರಗಳನ್ನು ಹಿಡಿದು ಪೊಲೀಸರು ದಾರಿಯಲ್ಲಿ ನಿಂತರು. ಮಿತಿ ಮೀರಿದವರಿಗೆ ದಂಡ ಹಾಕಿದರು. ಆ ತಿಂಗಳ ಸಾವು 8. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥಗಳಿಂದ ದೂರವಿಟ್ಟರು. ಮುಂದೆ ಕ್ಯಾಮೆರಾಗಳೂ ಬಂದವು. ಒಂದು ತಿಂಗಳ ಅಂಕಿಯಿಂದ ಶಾಸ್ತ್ರ ಕಟ್ಟಬಾರದು, ನಿಜ. ಆದರೂ ಕೇಳದೆ ಇರಲಾಗುವುದಿಲ್ಲ: ವಿಧಿ ಬರೆದಿಟ್ಟ ಸಾವುಗಳಾಗಿದ್ದರೆ ಅವು ವೇಗಮಾಪಕಕ್ಕೆ ಹೆದರಿ ಹಿಂದೆ ಸರಿಯುತ್ತಿದ್ದವೆ?

ಹೆದ್ದಾರಿ ಊರನ್ನು ಬಿಟ್ಟು ಹೋದ ಮೇಲೆ ಊರೊಳಗಿನ ದಾರಿ ನಿರ್ಭಯವಾಯಿತೆಂದು ತಿಳಿಯುವಂತೆಯೂ ಇಲ್ಲ. ಕಬ್ಬು ಅರೆಯುವ ಕಾಲ ಬಂತೆಂದರೆ ಹಳ್ಳಿಗಳಿಂದ ಟ್ರ್ಯಾಕ್ಟರುಗಳು ಒಂದೊಂದಕ್ಕೆ ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡು ಬರುತ್ತವೆ. ಕಬ್ಬಿನ ತುದಿಗಳು ಹಿಂದಕ್ಕೆ ಚಾಚಿ ಇದ್ದ ದೀಪವನ್ನೂ ಮುಚ್ಚುತ್ತವೆ. ಚಕ್ರ ಕೆಟ್ಟರೆ ಗಾಡಿ ನಿಂತಲ್ಲಿಯೇ ನಿಲ್ಲುತ್ತದೆ. ಹಿಂದೆ ನಾಲ್ಕು ಕಲ್ಲು ಇಟ್ಟರೆ ಅದೇ ಎಚ್ಚರಿಕೆ. ನನ್ನ ತರಗತಿಯ ಹುಡುಗನೊಬ್ಬ ಕೆಲವು ವರ್ಷಗಳ ಹಿಂದೆ ಸಂಜೆಗತ್ತಲಲ್ಲಿ ಅಂಥದೊಂದು ನಿಂತ ಟ್ರೇಲರಿಗೆ ಹೋಗಿ ಬಡಿದ. ಹೆಲ್ಮೆಟ್ಟು ಬೈಕಿನ ಹಿಡಿಯಲ್ಲಿ ನೇತಾಡುತ್ತಿತ್ತಂತೆ. ತಿಥಿಯ ದಿನ ನಾವು ಮೂವರು ಅಧ್ಯಾಪಕರು ಅವನ ಹಳ್ಳಿಗೆ ಹೋಗಿದ್ದೆವು. ಬಂದವರೆಲ್ಲ ‘ಹಣೇಬರಹ’, ‘ಋಣ ತೀರಿತು’ ಎಂದು ಸಮಾಧಾನ ಹೇಳುತ್ತಿದ್ದರು. ಅವನ ತಂದೆ ಎಲ್ಲವನ್ನೂ ಕೇಳಿಸಿಕೊಂಡು ನನ್ನ ಕಡೆಗೆ ತಿರುಗಿ, “ದಾರಿ ಅವನಿಗೆ ಗೊತ್ತಿತ್ತು ಸಾ. ಬ್ರೇಕೂ ಸರಿಯಾಗೇ ಇತ್ತು. ಯಾಕಾಯ್ತು ಅಂತ ಮಾತ್ರ ಒಬ್ರೂ ಹೇಳ್ತಿಲ್ಲವಲ್ಲ” ಎಂದರು.

ಅಲ್ಲಿ ನೆರೆದಿದ್ದ ಓದು ಬಲ್ಲವರ ನಡುವೆ ಅಕ್ಷರ ಕಲಿಯದ ಆ ರೈತರೊಬ್ಬರೇ ಸರಿಯಾದ ಪ್ರಶ್ನೆಯನ್ನು ಕೇಳಿದ್ದರು. ಉತ್ತರ ಇಲ್ಲದಿರಲಿಲ್ಲ. ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಇರಲಿಲ್ಲ, ಅದನ್ನು ಬದಿಗೆ ನಿಲ್ಲಿಸಲು ದಾರಿಯ ಮಗ್ಗುಲಲ್ಲಿ ಜಾಗವಿರಲಿಲ್ಲ, ಕಂಬದಲ್ಲಿ ದೀಪವಿರಲಿಲ್ಲ, ಹುಡುಗನ ತಲೆಯ ಮೇಲೆ ಇರಬೇಕಾದದ್ದು ಇರಲಿಲ್ಲ. ನಾಲ್ಕು ‘ಇಲ್ಲ’ಗಳು ಒಂದು ಕಡೆ ಕೂಡಿದವು. ಅವುಗಳಲ್ಲಿ ಯಾವುದೊಂದು ‘ಇದೆ’ಯಾಗಿದ್ದರೂ ಹುಡುಗ ಉಳಿಯುವ ಸಂಭವವಿತ್ತು.

ಇಂಥ ‘ಇಲ್ಲ’ಗಳ ದೇಶದ ಮೊತ್ತವನ್ನು ಕೇಂದ್ರ ಸಾರಿಗೆ ಸಚಿವಾಲಯ ವರ್ಷ ವರ್ಷವೂ ಅಚ್ಚು ಮಾಡುತ್ತದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕಿಂತ ಹೆಚ್ಚು ಮಂದಿ ದ್ವಿಚಕ್ರದ ಮೇಲಿದ್ದವರು. ಐವರಲ್ಲಿ ಸುಮಾರು ಒಬ್ಬರು ನಡೆದು ಹೋಗುತ್ತಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರು 50,029. ಸತ್ತವರಲ್ಲಿ ಮೂರರಲ್ಲಿ ಎರಡು ಪಾಲು 18ರಿಂದ 45 ವರ್ಷದೊಳಗಿನವರು. ಕರ್ನಾಟಕದಲ್ಲಿಯೇ ಆ ವರ್ಷ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಹೀಗೆ ಹೋದರು. ರಾಷ್ಟ್ರೀಯ ಹೆದ್ದಾರಿಗಳು ದೇಶದ ರಸ್ತೆಗಳ ಉದ್ದದಲ್ಲಿ ನೂರಕ್ಕೆ ಎರಡರಷ್ಟು ಮಾತ್ರ. ಸಾವುಗಳಲ್ಲಿ ಅವುಗಳ ಪಾಲು ಮೂರನೆಯ ಒಂದಕ್ಕಿಂತ ಹೆಚ್ಚು. ಅಂಕಿ ಸಂಖ್ಯೆಗಳೆಂದರೆ ಸಾಹಿತ್ಯದವರಿಗೆ ಅರುಚಿ. ಆದರೆ ಈ ಅಂಕಿಗಳ ವಯಸ್ಸು ನಮ್ಮ ತರಗತಿಗಳ ಕೊನೆಯ ಬೆಂಚಿನವರ ವಯಸ್ಸು.

ವೇಗದ ಅರ್ಥವನ್ನೂ ನಾವು ಮಕ್ಕಳಿಗೆ ಸರಿಯಾಗಿ ಬಿಡಿಸಿ ಹೇಳಿಲ್ಲ. ನಮ್ಮ ಹುಡುಗರು ಬೈಕನ್ನು ‘ಗಾಡಿ’ ಎನ್ನುತ್ತಾರೆ. ಅವರ ತಾತಂದಿರೂ ಗಾಡಿಯನ್ನೇ ಓಡಿಸಿದವರು. ಸಂತೆಯಿಂದ ಮರಳುವಾಗ ಗಾಡಿಯವನಿಗೆ ಮಂಪರು ಹತ್ತಿದರೆ ಎತ್ತುಗಳು ತಾವೇ ಮನೆಯ ದಾರಿ ಹಿಡಿಯುತ್ತಿದ್ದವು. ಎತ್ತಿಗೆ ಕಣ್ಣಿತ್ತು, ಎಂಜಿನ್ನಿಗಿಲ್ಲ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವವನು ಒಂದು ಸೆಕೆಂಡಿನಲ್ಲಿ ಹದಿನಾರು ಮೀಟರಿಗೂ ಹೆಚ್ಚು ದೂರ ಕ್ರಮಿಸುತ್ತಾನೆ. ಸಾಧಾರಣವಾದ ತರಗತಿಯ ಕೋಣೆಗಿಂತ ಅದು ಉದ್ದ. ಎದುರಿಗೆ ಏನೋ ಇದೆಯೆಂದು ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಆ ಸೆಕೆಂಡು ಮುಗಿದಿರುತ್ತದೆ. ವೇಗ ಎರಡರಷ್ಟಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡರಷ್ಟಲ್ಲ, ನಾಲ್ಕರಷ್ಟು. ಡಿಕ್ಕಿಯ ಪೆಟ್ಟಿನ ಶಕ್ತಿಯೂ ಹಾಗೆಯೇ. ಈ ವರ್ಗಸೂತ್ರ ಹೈಸ್ಕೂಲಿನ ಪುಸ್ತಕದಲ್ಲಿದೆ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಕೈಯೇ ಸಂಜೆ ಆಕ್ಸಿಲರೇಟರನ್ನು ತಿರುಗಿಸುತ್ತದೆ.

ಹಾಗಾದರೆ ಎಲ್ಲ ಹೊಣೆಯೂ ಸವಾರನದೆ? ಅಲ್ಲ. ಮನುಷ್ಯ ಎಡವುವ ಪ್ರಾಣಿ. ಎಡವಿದ್ದಕ್ಕೆ ಮರಣದಂಡನೆ ವಿಧಿಸುವ ದಾರಿ ಒಳ್ಳೆಯ ದಾರಿಯಲ್ಲ. 1997ರಲ್ಲಿ ಸ್ವೀಡನ್ನಿನ ಸಂಸತ್ತು ಅಂಗೀಕರಿಸಿದ ಧ್ಯೇಯದ ತಿರುಳು ಇದೇ: ರಸ್ತೆಯಲ್ಲಿ ಯಾರೂ ಸಾಯಬಾರದು, ಜನ ತಪ್ಪು ಮಾಡುತ್ತಾರೆಂದು ಮೊದಲೇ ಗ್ರಹಿಸಿ ದಾರಿಯನ್ನು ಕಟ್ಟಬೇಕು. ಇದು ಶ್ರೀಮಂತ ದೇಶದ ಕನಸೆಂದು ನಗುವುದು ಸುಲಭ. ಆದರೆ ನಾಲೆಯ ಅಂಚಿಗೆ ಗೋಡೆ, ಟ್ರೇಲರಿನ ಬೆನ್ನಿಗೆ ಕೆಂಪು ಪಟ್ಟಿ, ಹಂಪಿನ ಮೇಲೆ ಬಿಳಿಯ ಬಣ್ಣ, ಶಾಲೆಯ ಮುಂದೆ ನಡೆಯಲು ಕಾಲುದಾರಿ: ಇವುಗಳಲ್ಲಿ ಯಾವುದೂ ನಮ್ಮ ಕೈಗೆ ಎಟುಕದ ಐಶ್ವರ್ಯವಲ್ಲ.

ಪೆಟ್ಟು ಬಿದ್ದ ಮೇಲಿನ ಗಳಿಗೆಯಲ್ಲಿಯೂ ನಾವು ಮಾಡಬಹುದಾದದ್ದಿದೆ. ಬಿದ್ದವನನ್ನು ಆಸ್ಪತ್ರೆಗೆ ಒಯ್ದರೆ ಕೋರ್ಟು ಕಚೇರಿ ಸುತ್ತಬೇಕಾದೀತೆಂಬ ಭಯದಿಂದ ಜನ ದೂರ ನಿಲ್ಲುತ್ತಿದ್ದರು, ಈಗಲೂ ನಿಲ್ಲುವವರಿದ್ದಾರೆ. 2016ರ ಮಾರ್ಚ್ 30ರಂದು ಸರ್ವೋಚ್ಚ ನ್ಯಾಯಾಲಯ ಇಂಥ ಸಹಾಯಕರನ್ನು ಪೀಡಿಸಬಾರದೆಂಬ ನಿಯಮಗಳಿಗೆ ಬಲ ಕೊಟ್ಟಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನಗಳ ಕಾಯಿದೆಯಲ್ಲಿಯೇ ಆ ರಕ್ಷಣೆ ಸೇರಿತು. ಸದ್ಭಾವದಿಂದ ನೆರವಾದವನು ಹೆಸರನ್ನು ಹೇಳಲೇಬೇಕೆಂಬ ಬಲವಂತವಿಲ್ಲ. ಈ ವಿಷಯ ಕಾನೂನು ಪುಸ್ತಕದಲ್ಲಿದ್ದರೆ ಸಾಲದು; ಪ್ರತಿಯೊಂದು ಕಾಲೇಜಿನ ಗೋಡೆಯ ಮೇಲೂ ತಿಳಿಗನ್ನಡದಲ್ಲಿ ಬರೆದಿರಬೇಕು.

ಉಳಿದದ್ದು ಭಾಷೆಯ ಕೆಲಸ. ಅದು ನಮ್ಮಂಥವರ ಪಾಲಿನದು. ಒಂದು ಸಾವು ವರದಿಯಾದಾಗ ವೇಗವೆಷ್ಟಿತ್ತು, ದೀಪವಿತ್ತೆ, ಗೋಡೆಯಿತ್ತೆ, ಇದೇ ಜಾಗದಲ್ಲಿ ಹಿಂದೆ ಎಷ್ಟು ಜನ ಸತ್ತಿದ್ದರು ಎಂಬ ನಾಲ್ಕು ಸಾಲುಗಳೂ ಅದರ ಜೊತೆಯಲ್ಲಿ ಅಚ್ಚಾಗಲಿ. ಸಂತಾಪ ಸಭೆಯಲ್ಲಿ ಎರಡು ನಿಮಿಷದ ಮೌನ ಮುಗಿದ ಮೇಲೆ ಮೂರನೆಯ ನಿಮಿಷದಲ್ಲಿ ಯಾರಾದರೊಬ್ಬರು ಎದ್ದು ‘ಏಕೆ?’ ಎಂದು ಕೇಳಲಿ. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಹಳ್ಳಿಯ ದಾರಿಯಲ್ಲಿರುವ ಇಂಥ ‘ಇಲ್ಲ’ಗಳನ್ನು ಪಟ್ಟಿ ಮಾಡಿ ಪಂಚಾಯಿತಿಗೆ ಒಂದು ಅರ್ಜಿ ಬರೆಯಲಿ, ಪ್ರಬಂಧ ರಚನೆಗೆ ಇದಕ್ಕಿಂತ ಒಳ್ಳೆಯ ವಿಷಯವನ್ನು ನಾನು ಕಾಣೆ. ವಿಧಿಗೆ ಅರ್ಜಿ ಬರೆಯಲು ಬರುವುದಿಲ್ಲ. ಗೋಡೆಗೆ, ದೀಪಕ್ಕೆ, ಕೆಂಪು ಪಟ್ಟಿಗೆ ಬರೆಯಬಹುದು. ಉತ್ತರ ಬರುವವರೆಗೂ ಮತ್ತೆ ಮತ್ತೆ ಬರೆಯಬಹುದು.