57ನೆಯ ಕಿಲೋಗ್ರಾಮು

ದಿನಸಿ ಅಂಗಡಿಯ ಕಬ್ಬಿಣದ ತೂಕದ ಕಲ್ಲನ್ನು ಒಮ್ಮೆ ಮಗುಚಿ ನೋಡಿರಿ. ತಳದ ಸೀಸದ ಮೇಲೆ ಸರ್ಕಾರದ ಮುದ್ರೆ ಕಾಣುತ್ತದೆ. ಇನ್‌ಸ್ಪೆಕ್ಟರು ತಮ್ಮಲ್ಲಿರುವ ಮಾನಕ ತೂಕದೊಡನೆ ಅದನ್ನು ಹೋಲಿಸಿ ಒತ್ತಿದ ಮುದ್ರೆಯದು. ಅವರ ತೂಕವನ್ನು ರಾಜ್ಯದ ತೂಕದೊಡನೆಯೂ, ಅದನ್ನು ಬೆಂಗಳೂರಿನ ಪ್ರಾದೇಶಿಕ ಮಾನಕ ಪ್ರಯೋಗಾಲಯದ ತೂಕದೊಡನೆಯೂ, ಅದನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ತೂಕದೊಡನೆಯೂ ಹೋಲಿಸಬೇಕು. ಈ ಏಣಿಯನ್ನು ಏರುತ್ತ ಹೋದವರು ಕಡೆಗೆ ನಿಲ್ಲುವುದೆಲ್ಲಿ?

ದೆಹಲಿಯಲ್ಲಿರುವುದು 39 ಮಿಲಿಮೀಟರ್ ಎತ್ತರ, ಅಷ್ಟೇ ವ್ಯಾಸದ ಒಂದು ಪುಟ್ಟ ಉರುಳೆ. ನೂರರಲ್ಲಿ 90 ಪಾಲು ಪ್ಲಾಟಿನಮ್, 10 ಪಾಲು ಇರಿಡಿಯಮ್. ಸೇರು ಮಣಗಳು ಹೋಗಿ ಮೆಟ್ರಿಕ್ ತೂಕಗಳು ಬರುತ್ತಿದ್ದ 1958ರಲ್ಲಿ ನಮಗೆ ದೊರೆತ ಇದರ ಸಂಖ್ಯೆ 57. ಇದರ ಮೂಲವಾದ ಅಂತರರಾಷ್ಟ್ರೀಯ ಕಿಲೋಗ್ರಾಮು ಪ್ಯಾರಿಸಿನ ಬಳಿಯ ಸೆವ್ರ್ ಎಂಬಲ್ಲಿದೆ. ಕೆಲವು ವರ್ಷಗಳಿಗೊಮ್ಮೆ 57ನೆಯದನ್ನು ಅಲ್ಲಿಗೊಯ್ದು ತೂಗಿಸಿಕೊಂಡು ಬರಬೇಕು.

ಲೋಹವು ಸವೆಯದಿದ್ದರೂ ಈ ಯಾತ್ರೆ ಏಕೆ? ಪ್ರಯೋಗಶಾಲೆಯಲ್ಲಿ ತೂಕಗಳನ್ನು ಬೆರಳಿನಿಂದ ಮುಟ್ಟಬೇಡಿರೆಂದು ನಾನು ಪ್ರತಿ ವರ್ಷವೂ ಗದರುವುದುಂಟು. ಚಿಮಟವು ಪೆಟ್ಟಿಗೆಯಲ್ಲಿಯೇ ಉಳಿಯುವುದೂ ಉಂಟು! ಆದರೆ ಯಾರೂ ಮುಟ್ಟದಿದ್ದರೂ ಗಾಳಿಯಲ್ಲಿನ ಕಲ್ಮಷವು ಲೋಹದ ಮೈಗೆ ಅಂಟುತ್ತದೆ. ಸೆವ್ರ್‌ನಲ್ಲಿ ಈಥರ್ ಮತ್ತು ಆಲ್ಕೊಹಾಲಿನಲ್ಲಿ ನೆನೆಸಿದ ಮೃದುವಾದ ಚರ್ಮದಿಂದ ಉರುಳೆಯನ್ನು ಉಜ್ಜಿ, ಎರಡು ಸಲ ಭಟ್ಟಿ ಇಳಿಸಿದ ನೀರಿನ ಹಬೆಯಿಂದ ತೊಳೆಯುತ್ತಾರೆ. ತೊಳೆದಾಗ ಕಳೆದುದು ತೊಳೆದೊಡನೆ ಮತ್ತೆ ಕೂಡತೊಡಗುತ್ತದೆ.

ತೂಗುವುದೂ ಸುಲಭವಲ್ಲ. ಪ್ಲಾಟಿನಮ್ ಉರುಳೆ ಸುಮಾರು 46 ಘನ ಸೆಂಟಿಮೀಟರ್ ಗಾಳಿಯನ್ನು ಸರಿಸಿದರೆ, ಒಂದು ಕಿಲೋಗ್ರಾಮಿನ ಉಕ್ಕಿನ ತೂಕ ಸುಮಾರು 125ನ್ನು ಸರಿಸುತ್ತದೆ. ಆರ್ಕಿಮಿಡೀಸನ ತತ್ತ್ವವನ್ನು ನೆನೆಯಿರಿ. ಎರಡರ ಮೇಲಿನ ಗಾಳಿಯ ಎತ್ತುಬಲದ ವ್ಯತ್ಯಾಸವೇ 90 ಮಿಲಿಗ್ರಾಮಿಗೂ ಮಿಗಿಲು! ನಾವು ಹುಡುಕುತ್ತಿರುವುದಾದರೋ ಮೈಕ್ರೋಗ್ರಾಮು, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಆದುದರಿಂದ ಕೊಠಡಿಯ ಉಷ್ಣತೆ, ಒತ್ತಡ, ತೇವಾಂಶಗಳನ್ನೆಲ್ಲ ಅಳೆದು ಲೆಕ್ಕವನ್ನು ತಿದ್ದಬೇಕು.

ಇಷ್ಟು ಎಚ್ಚರ ವಹಿಸಿದ್ದರೂ, 1988ರಿಂದ 1992ರವರೆಗೆ ಹಲವು ದೇಶಗಳ ಉರುಳೆಗಳನ್ನು ಸೆವ್ರ್‌ನ ಮೂಲದೊಡನೆ ಹೋಲಿಸಿದಾಗ ಕಳವಳಕಾರಿಯಾದ ಸಂಗತಿಯೊಂದು ದೃಢಪಟ್ಟಿತು. ನೂರು ವರ್ಷಗಳಲ್ಲಿ ಮೂಲಕ್ಕೂ ಅದರ ಪ್ರತಿಗಳಿಗೂ ನಡುವೆ ಸುಮಾರು 50 ಮೈಕ್ರೋಗ್ರಾಮು ಅಂತರ ಬೆಳೆದಿದ್ದಿತು. ಪ್ರತಿಗಳು ಭಾರವಾದುವೋ, ಮೂಲವೇ ಹಗುರವಾಯಿತೋ? ಇದನ್ನು ತೀರ್ಮಾನಿಸಲು ಇನ್ನೊಂದು ತಕ್ಕಡಿಯಿರಲಿಲ್ಲ. ಮೂಲದ ದ್ರವ್ಯರಾಶಿಯೇ ಕಿಲೋಗ್ರಾಮೆಂದು 1889ರಲ್ಲಿ ಒಪ್ಪಿದ ಮೇಲೆ, ಅದು ಸವೆದರೂ ವ್ಯಾಖ್ಯೆಯ ಪ್ರಕಾರ ಜಗತ್ತೇ ಭಾರವಾಗಬೇಕು! ಇಂಥ ವ್ಯಾಖ್ಯೆಯನ್ನು ಭೌತವಿಜ್ಞಾನವು ಇಷ್ಟು ಕಾಲ ಸಹಿಸಿದುದೇ ಸೋಜಿಗ.

2018ರ ನವೆಂಬರಿನಲ್ಲಿ ವರ್ಸೇಲ್ಸ್‌ನಲ್ಲಿ ಕೂಡಿದ ಸಮ್ಮೇಳನವು ಇದನ್ನು ಬದಲಿಸಿತು. 2019ರ ಮೇ 20ರಿಂದ ಪ್ಲಾಂಕನ ಸ್ಥಿರಾಂಕಕ್ಕೆ 6.62607015 × 10⁻³⁴ ಜೂಲ್-ಸೆಕೆಂಡ್ ಎಂಬ ಬೆಲೆಯನ್ನು ಖಚಿತಪಡಿಸಿ, ಅದರಿಂದಲೇ ಕಿಲೋಗ್ರಾಮನ್ನು ಪಡೆಯಲಾಗುತ್ತದೆ. ಬ್ರಿಟನ್ನಿನ ಬ್ರಯಾನ್ ಕಿಬಲ್ 1975ರಲ್ಲಿ ಸೂಚಿಸಿದ ತಕ್ಕಡಿಯಲ್ಲಿ ತೂಕವನ್ನು ಸರಿದೂಗಿಸುವುದು ವಿದ್ಯುತ್ ಪ್ರವಾಹದ ಬಲ. ಆದರೆ ಬೇರೆ ಬೇರೆ ದೇಶಗಳ ಇಂಥ ಉಪಕರಣಗಳು ತಮ್ಮತಮ್ಮಲ್ಲೇ ಪೂರ್ಣವಾಗಿ ಹೊಂದಲಿಲ್ಲ. ಆದ್ದರಿಂದ 2021ರಲ್ಲಿ ಎಲ್ಲರೂ ಒಪ್ಪಿದ ಒಂದು ಸಮ್ಮತ ಬೆಲೆಯನ್ನು ಬಳಕೆಗೆ ತರಬೇಕಾಯಿತು.

ಹೊಸ ವ್ಯಾಖ್ಯೆಯಿಂದ ಉರುಳೆಗಳನ್ನು ತೊಳೆಯುವ, ತೂಗುವ ಕೆಲಸವೇನೂ ತಪ್ಪಲಿಲ್ಲ. ಬದಲಾದುದು ಸೆವ್ರ್‌ನ ಮೂಲದ ಸ್ಥಾನ. 130 ವರ್ಷ ಸಂದೇಹಕ್ಕೆ ಎಡೆಯೇ ಇಲ್ಲದೆ ಕಿಲೋಗ್ರಾಮಾಗಿದ್ದ ಅದರ ದ್ರವ್ಯರಾಶಿಯ ಪಕ್ಕದಲ್ಲಿ, 2019ರ ಆ ದಿನ ಮೊದಲ ಬಾರಿಗೆ 10 ಮೈಕ್ರೋಗ್ರಾಮಿನ ಅನಿಶ್ಚಿತತೆಯನ್ನು ಬರೆಯಲಾಯಿತು.