ಜಾರ್ಜ್ ಎಂಬ ರೂಢನಾಮ

ಅಮೆರಿಕದ ರೈಲುಗಳಲ್ಲಿ ಒಂದು ಕಾಲಕ್ಕೆ ಶಯನಗಾಡಿಯೆಂದರೆ ಪುಲ್‌ಮನ್ ಕಂಪನಿಯ ಗಾಡಿಯೇ. ಹಾಸಿಗೆ ಹಾಸಿ, ಪೆಟ್ಟಿಗೆ ಹೊತ್ತು, ಪಾದರಕ್ಷೆಗೆ ಮೆರುಗು ಕೊಟ್ಟು ಪ್ರಯಾಣಿಕರ ಸೇವೆಗೆ ನಿಲ್ಲುತ್ತಿದ್ದವರು ಬಹುಮಟ್ಟಿಗೆ ಕಪ್ಪು ಜನಾಂಗದವರು. ತಾಯಿತಂದೆಗಳು ಇಟ್ಟ ಹೆಸರು ಏನೇ ಇರಲಿ, ಬಿಳಿಯ ಪ್ರಯಾಣಿಕರು ಅವರನ್ನು ಕೂಗುತ್ತಿದ್ದುದು ‘ಜಾರ್ಜ್’ ಎಂದು. ಅದು ಕಂಪನಿಯ ಒಡೆಯ ಜಾರ್ಜ್ ಪುಲ್‌ಮನ್ನನ ಹೆಸರು. ಗುಲಾಮನನ್ನು ಯಜಮಾನನ ಹೆಸರಿನಿಂದ ಗುರುತಿಸುವ ಹಳೆಯ ವಾಡಿಕೆ, 1865ರಲ್ಲಿ ದಾಸ್ಯ ರದ್ದಾದ ಮೇಲೂ ಹೀಗೆ ಗಾಡಿಯೇರಿ ಬಂದಿತು. ಅಂಕಿತನಾಮವೊಂದು ರೂಢನಾಮವಾಗುವ ಈ ಬಗೆಯನ್ನು ನಮ್ಮ ಕೇಶಿರಾಜನೂ ಊಹಿಸಿರಲಾರ!

ಕಾರ್ಮಿಕ ಸಂಬಂಧಗಳ ಶಾಸ್ತ್ರವನ್ನು ಓದುವವರು ಕೂಲಿ, ಕೆಲಸದ ವೇಳೆ, ಮುಷ್ಕರ, ಒಪ್ಪಂದ ಇವುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಆ ಕೂಗನ್ನು ಯಾವ ಅಂಕಣದಲ್ಲಿ ಬರೆದುಕೊಳ್ಳಬೇಕು? ಬರಿಯ ಅಸಭ್ಯತೆಯೆಂದು ಬಿಟ್ಟುಬಿಡಬಹುದೆ? ಸಂಬಳ ಅಲ್ಪ, ಜೀವನ ನಡೆಯಬೇಕಾದುದು ಭಕ್ಷೀಸಿನಿಂದ. ಭಕ್ಷೀಸು ಬರಬೇಕಾದರೆ ತನ್ನದಲ್ಲದ ಹೆಸರಿಗೆ ನಗುತ್ತ ಓಗೊಡಬೇಕು. ಅವಮಾನವು ಇಲ್ಲಿ ವೇತನದ ಏರ್ಪಾಡಿನೊಳಗೇ ಸೇರಿತ್ತು.

ಈ ಶಾಸ್ತ್ರದ ಮೂಲಪುರುಷರಲ್ಲೊಬ್ಬರಾದ ವಿಸ್ಕಾನ್ಸಿನ್ನಿನ ಜಾನ್ ಆರ್. ಕಾಮನ್ಸ್ ಜನಾಂಗವನ್ನು ಮರೆತವರೇನಲ್ಲ. 1907ರಲ್ಲಿ ಜನಾಂಗಗಳನ್ನೂ ವಲಸಿಗರನ್ನೂ ಕುರಿತು ಒಂದು ಗ್ರಂಥವನ್ನೇ ಬರೆದರು. ಆದರೆ ಕಪ್ಪು ಜನರ ದುಃಸ್ಥಿತಿಗೆ ಅವರ ಹುಟ್ಟುಗುಣವನ್ನು ಹೊಣೆಮಾಡಿದರು. ಮುಂದಿನ ಎಷ್ಟೋ ಪಠ್ಯಗಳು ಆ ವಿಷಯವನ್ನೇ ಕೈಬಿಟ್ಟವು. ತಪ್ಪನ್ನು ತಿದ್ದದೆ, ತಪ್ಪಿದ್ದ ಪುಟವನ್ನೇ ಹರಿದುಹಾಕಿದಂತಾಯಿತು. ಅದನ್ನು ಮತ್ತೆ ಬರೆದವರು ಡುಬಾಯ್ಸ್. ಬಡ ಬಿಳಿಯ ಕೂಲಿಗಾರನಿಗೆ ಕೈಗೆ ಬರುವ ಕಾಸಿನ ಜೊತೆಗೆ, ಕಪ್ಪು ಮನುಷ್ಯನಿಗಿಂತ ತಾನು ಮೇಲೆಂಬ ಭಾವವೂ ಒಂದು ಕೂಲಿಯಾಗಿ ಸಲ್ಲುತ್ತಿತ್ತೆಂದು 1935ರ ತಮ್ಮ ಕೃತಿಯಲ್ಲಿ ಅವರು ತೋರಿಸಿದರು. ಇಬ್ಬರೂ ಒಂದೇ ಸಂಘದಲ್ಲಿ ಕೂಡದೆಹೋದುದಕ್ಕೆ ಬೇರೆ ಕಾರಣ ಹುಡುಕಬೇಕೆ?

ಅದೇ ವರ್ಷ ಬಂದ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಕಾನೂನು ಸಂಘ ಕಟ್ಟುವ ಹಕ್ಕನ್ನು ಕೊಟ್ಟು, ಹೊಲಗೆಲಸದವರನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ದಕ್ಷಿಣದ ಕಪ್ಪು ದುಡಿಮೆಗಾರರಲ್ಲಿ ಹೆಚ್ಚಿನವರು ಇದ್ದುದೇ ಆ ಎರಡು ಕೆಲಸಗಳಲ್ಲಿ. ಮೈಬಣ್ಣದ ಮಾತು ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಅಕ್ಷರವನ್ನಷ್ಟೇ ಓದುವ ವಿದ್ವಾಂಸನಿಗೆ ಅದು ಕಾಣುವುದೂ ಇಲ್ಲ.

ಶಯನಗಾಡಿಯ ಸೇವಕರು 1925ರಲ್ಲಿಯೇ ಎ. ಫಿಲಿಪ್ ರಾಂಡಾಲ್ಫರ ನೇತೃತ್ವದಲ್ಲಿ ಸಂಘ ಕಟ್ಟಿದ್ದರು. ಕಂಪನಿ ಹನ್ನೆರಡು ವರ್ಷ ಜಗ್ಗಲಿಲ್ಲ. 1937ರ ಒಪ್ಪಂದದಿಂದ ತಿಂಗಳ ದುಡಿಮೆ ಸುಮಾರು 400 ಗಂಟೆಯಿಂದ 240ಕ್ಕೆ ಇಳಿಯಿತು, ಸಂಬಳವೂ ಏರಿತು. ಹೆಸರಿನ ಹಳೆಯ ಪ್ರಶ್ನೆ ಮಾತ್ರ ಮುಗಿಯಲಿಲ್ಲ. 1968ರಲ್ಲಿ ಮೆಂಫಿಸ್ ನಗರದ ಸುಮಾರು 1,300 ಪೌರಕಾರ್ಮಿಕರು ಮುಷ್ಕರ ಹೂಡಿದಾಗ, ಅವರು ಬೀದಿಯಲ್ಲಿ ಹೊತ್ತು ನಡೆದ ಫಲಕದಲ್ಲಿ ಕೂಲಿಯ ಅಂಕಿಯಿರಲಿಲ್ಲ. ‘ನಾನು ಮನುಷ್ಯ’ ಎಂದಷ್ಟೇ ಇತ್ತು.