ಮರದ ಮೂಲೆ ಬಾಯಿ ಬಿಡುವುದೇಕೆ

ಚಿತ್ರಪಟದ ಚೌಕಟ್ಟಿನ ಮೂಲೆಯಲ್ಲಿ ಎರಡು ಮರದ ಪಟ್ಟಿಗಳು ಒಂದು ಓರೆಗೆರೆಯ ಮೇಲೆ ಸೇರುತ್ತವೆ. ಎರಡೂ ಪಟ್ಟಿಗಳ ತುದಿಯನ್ನು ತಲಾ 45 ಡಿಗ್ರಿ ಓರೆಗೆ ಕೊಯ್ದು, ಎದುರುಬದುರಾಗಿ ಕೂಡಿಸಿ 90 ಡಿಗ್ರಿಯ ಮೂಲೆಯನ್ನು ಪಡೆಯುವ ಈ ವಿಧಾನವನ್ನು ಮರಗೆಲಸದಲ್ಲಿ ಮೈಟರ್ ಜೋಡಣೆ ಎನ್ನುತ್ತಾರೆ. ಅಂಚಿನುದ್ದಕ್ಕೂ ಸಾಗಿಬಂದ ಕೆತ್ತನೆಯ ಗೆರೆಗಳು ಮೂಲೆಯಲ್ಲಿ ತುಂಡಾಗದೆ ತಿರುಗಿ ಮುಂದುವರಿಯುವುದು ಮತ್ತು ಮರದ ಒರಟು ಅಡ್ಡಕೊಯ್ತ ಎಲ್ಲಿಯೂ ಹೊರಗೆ ಕಾಣದಿರುವುದು ಇದರ ಚೆಲುವು. ಆದರೆ ನೋಡಲು ಇಷ್ಟು ಸರಳವಾದ ಈ ಜೋಡಣೆಯಲ್ಲಿ ಸಂದು ಬಿಡದ ಮೂಲೆಯನ್ನು ಪಡೆಯುವುದು ಅನುಭವಿ ಬಡಗಿಗೂ ಸುಲಭವಲ್ಲ, ಮತ್ತು ಅದಕ್ಕೆ ಕಾರಣ ಕೈಚಳಕದ ಕೊರತೆಯೇ ಆಗಿರಬೇಕಿಲ್ಲ.

ಮೊದಲ ತೊಡಕು ಲೆಕ್ಕದ್ದು. ನಾಲ್ಕು ಮೂಲೆಗಳ ಚೌಕಟ್ಟಿಗೆ ಎಂಟು ಓರೆಕೊಯ್ತಗಳು ಬೇಕು. ಗರಗಸದ ಯಂತ್ರವನ್ನು 45ರ ಬದಲು 44.75 ಡಿಗ್ರಿಗೆ ನಿಲ್ಲಿಸಿದ್ದರೆ, ಅಂದರೆ ಕೊಯ್ತವೊಂದಕ್ಕೆ ಕಾಲು ಡಿಗ್ರಿಯಷ್ಟು ತಪ್ಪಿದ್ದರೆ, ಮೊದಲ ಮೂರು ಮೂಲೆಗಳನ್ನು ಬಿಗಿಯಾಗಿ ಕೂಡಿಸಿದ ಮೇಲೆ ಎಂಟೂ ತಪ್ಪುಗಳು ಒಟ್ಟುಗೂಡಿ ನಾಲ್ಕನೆಯ ಮೂಲೆಯಲ್ಲಿ 2 ಡಿಗ್ರಿಯ ಸಂದಾಗಿ ತೆರೆದುಕೊಳ್ಳುತ್ತವೆ. ಪಟ್ಟಿಯ ಅಗಲ 75 ಮಿಲಿಮೀಟರ್ ಇದ್ದರೆ ಓರೆಗೆರೆಯ ಉದ್ದ 106 ಮಿಲಿಮೀಟರ್ ಆಗುತ್ತದೆ; ಅಷ್ಟು ಉದ್ದದಲ್ಲಿ 2 ಡಿಗ್ರಿಯೆಂದರೆ ಒಂದು ತುದಿಯಲ್ಲಿ ಹೆಚ್ಚುಕಡಿಮೆ 3.7 ಮಿಲಿಮೀಟರ್ ಬಿರುಕು. ಕಾಲು ಮಿಲಿಮೀಟರ್ ಸಂದನ್ನೂ ಕಣ್ಣು ಗುರುತಿಸಬಲ್ಲದು. ಹೀಗಿರುವಾಗ ಡಿಗ್ರಿಗೊಂದರಂತೆ ಗೆರೆ ಕೊರೆದಿರುವ ಅಳತೆಪಟ್ಟಿಯನ್ನು ನಂಬಿ ಕೊಯ್ಯುವುದು ಎಂಥ ಸಾಹಸವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಇನ್ನೂ ಸೂಕ್ಷ್ಮವಾದ ಅಳತೆಯ ಉಪಕರಣವೇ ಪರಿಹಾರವೆಂದು ತೋರಬಹುದಾದರೂ, ನುರಿತ ಬಡಗಿಗಳು ಹಿಡಿಯುವ ದಾರಿ ಬೇರೆ. ಮೂಲೆ ಕೂಡಲು ಪ್ರತಿಯೊಂದು ಕೊಯ್ತವೂ 45 ಡಿಗ್ರಿಯೇ ಆಗಿರಬೇಕೆಂಬ ಕಟ್ಟುಪಾಡಿಲ್ಲ. ಎರಡರ ಮೊತ್ತ 90 ಆದರೆ ಸಾಕು. ಈ ಸಣ್ಣ ತಿಳಿವಳಿಕೆಯಿಂದ ಹುಟ್ಟಿದ್ದು ಮೈಟರ್ ಸ್ಲೆಡ್ ಎಂಬ ಜಾರುಹಲಗೆ. ಮೇಜಿನ ಗರಗಸದ ಮೇಲೆ ಹಿಂದೆ ಮುಂದೆ ಸರಿಯುವ ಈ ಹಲಗೆಗೆ ಎರಡು ಒರಗುಪಟ್ಟಿಗಳನ್ನು ಪರಸ್ಪರ ಲಂಬಕೋನದಲ್ಲಿ ಬಿಗಿದಿರುತ್ತಾರೆ. ಮೂಲೆಯ ಒಂದು ತುಂಡನ್ನು ಎಡಪಟ್ಟಿಗೂ ಇನ್ನೊಂದನ್ನು ಬಲಪಟ್ಟಿಗೂ ಒರಗಿಸಿ ಕೊಯ್ದರೆ, ಗರಗಸದ ಅಲಗು ತುಸು ಓರೆಯಾಗಿದ್ದರೂ ಒಂದು ತುಂಡಿಗೆ 45.1 ಡಿಗ್ರಿ ಬಂದಾಗ ಇನ್ನೊಂದಕ್ಕೆ 44.9 ಬಂದೇ ತೀರುತ್ತದೆ. ಮೂಲೆ ಮುಚ್ಚಿಕೊಳ್ಳುತ್ತದೆ. ಎರಡು ಓರೆಮುಖಗಳ ಉದ್ದದಲ್ಲಿ ಮಾತ್ರ, 75 ಮಿಲಿಮೀಟರ್ ಪಟ್ಟಿಯಲ್ಲಾದರೆ, 0.37 ಮಿಲಿಮೀಟರ್ ವ್ಯತ್ಯಾಸ ಉಳಿಯುತ್ತದೆ; ಉಪ್ಪುಕಾಗದದ ನಾಲ್ಕು ಎಳೆತಕ್ಕೆ ಅದು ಹೋಗುತ್ತದೆ.

ಆ ಒರಗುಪಟ್ಟಿಗಳ ನಡುವಿನ ಕೋನ ನಿಜವಾಗಿಯೂ 90 ಡಿಗ್ರಿ ಇದೆಯೇ ಎಂದು ನೋಡುವ ಮೂಲೆಮಟ್ಟವೇ ಸುಳ್ಳು ಹೇಳುತ್ತಿದ್ದರೆ? ಅದನ್ನು ಪರೀಕ್ಷಿಸಲು ಅದಕ್ಕಿಂತ ಉತ್ತಮವಾದ ಇನ್ನೊಂದು ಮೂಲೆಮಟ್ಟ ಬೇಕಾಗಿಲ್ಲವೆಂಬುದು ಈ ಕಸುಬಿನ ಸೊಗಸಾದ ಸಂಗತಿಗಳಲ್ಲೊಂದು. ನೇರವಾದ ಅಂಚಿರುವ ಹಲಗೆಗೆ ಮಟ್ಟವನ್ನು ಆನಿಸಿ ಒಂದು ಗೆರೆ ಎಳೆಯಬೇಕು. ಮಟ್ಟವನ್ನು ಮಗುಚಿ, ಅದೇ ಬಿಂದುವಿನಿಂದ ಮತ್ತೊಂದು ಗೆರೆ ಎಳೆಯಬೇಕು. ಎರಡೂ ಗೆರೆಗಳು ಒಂದರ ಮೇಲೊಂದು ಕೂತರೆ ಮಟ್ಟ ಸರಿಯಾಗಿದೆ. ಕವಲೊಡೆದರೆ, ಅವುಗಳ ನಡುವಿನ ಕೋನ ಮಟ್ಟದ ದೋಷದ ಎರಡರಷ್ಟು. ದೋಷವನ್ನು ಅಳೆಯುವ ಬದಲು ಅದನ್ನೇ ಹಿಗ್ಗಿಸಿ ಕಣ್ಣಿಗೆ ಕಾಣುವಂತೆ ಮಾಡುವ ಈ ಉಪಾಯದ ಮುಂದುವರಿದ ರೂಪವೇ ಐದು ಕೊಯ್ತದ ಪರೀಕ್ಷೆ. ಚೌಕಾಕಾರದ ಪ್ಲೈವುಡ್ ಹಲಗೆಯ ಒಂದು ಅಂಚನ್ನು ಕೊಯ್ದು, ಆ ಹೊಸ ಅಂಚನ್ನು ಅಲಗಿಗೆ ಲಂಬವಾಗಿರಬೇಕಾದ ಒರಗುಪಟ್ಟಿಗೆ ಆನಿಸಿ ಮುಂದಿನ ಅಂಚನ್ನು ಕೊಯ್ಯುತ್ತ, ಒಂದೇ ದಿಕ್ಕಿನಲ್ಲಿ ತಿರುಗಿಸುತ್ತ ನಾಲ್ಕು ಕೊಯ್ತಗಳನ್ನು ಮುಗಿಸಿ, ಐದನೆಯ ಸಲ ಮೊದಲ ಅಂಚಿನಿಂದಲೇ ಸಣ್ಣ ಪಟ್ಟಿಯೊಂದನ್ನು ಸೀಳಿ ತೆಗೆಯುತ್ತಾರೆ. ಪ್ರತಿ ತಿರುವಿನಲ್ಲಿಯೂ ದೋಷ ಹಿಂದಿನದರ ಮೇಲೆ ಕೂಡಿಕೊಳ್ಳುವುದರಿಂದ ಪಟ್ಟಿಯ ಓರೆಯಲ್ಲಿ ಒಂದು ಕೊಯ್ತದ ದೋಷ ನಾಲ್ಕು ಪಟ್ಟಾಗಿರುತ್ತದೆ. 400 ಮಿಲಿಮೀಟರ್ ಉದ್ದದ ಪಟ್ಟಿಯ ಎರಡು ತುದಿಗಳ ಅಗಲದಲ್ಲಿ 0.4 ಮಿಲಿಮೀಟರ್ ಅಂತರ ಸಿಕ್ಕರೆ, ಯಂತ್ರ ತಪ್ಪುತ್ತಿರುವುದು ಅಷ್ಟು ಉದ್ದಕ್ಕೆ 0.1 ಮಿಲಿಮೀಟರ್ ಎಂದರ್ಥ. ಸಾಮಾನ್ಯ ಮೂಲೆಮಟ್ಟ ತೋರಿಸದ ಈ ದೋಷವನ್ನು ಸಾಧಾರಣ ವರ್ನಿಯರ್ ಕ್ಯಾಲಿಪರ್ ತೋರಿಸಿಬಿಡುತ್ತದೆ.

ಯಂತ್ರವಿಲ್ಲದೆ ಕೈಯಿಂದಲೇ ಮಾಡುವ ಕೆಲಸದಲ್ಲಿ ಗರಗಸ ಕೊಯ್ದ ಮುಖವನ್ನು ಕೊನೆಯದೆಂದು ಒಪ್ಪಿಕೊಳ್ಳುವುದಿಲ್ಲ. ಶೂಟಿಂಗ್ ಬೋರ್ಡ್ ಎಂಬ ಮೆಟ್ಟಿಲಿನ ಹಲಗೆಯ ಮೇಲೆ ಪಟ್ಟಿಯನ್ನು 45 ಡಿಗ್ರಿಯ ಒರಗಿಗೆ ಒತ್ತಿಹಿಡಿದು, ಮರ ಹೆರೆಯುವ ತೋಪಡವನ್ನು ಮಗ್ಗುಲಾಗಿ ಮಲಗಿಸಿ ಓಡಿಸುತ್ತಾರೆ; ಚೆನ್ನಾಗಿ ಸಾಣೆ ಹಿಡಿದ ಅಲಗು ಒಂದು ಎಳೆತಕ್ಕೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು ತೆಳುವಾದ ಸಿಪ್ಪೆಯನ್ನು ತೆಗೆಯಬಲ್ಲದು. ಕೋನವನ್ನು ತಿದ್ದಬೇಕಾದರೆ ಪಟ್ಟಿ ಮತ್ತು ಒರಗಿಯ ನಡುವೆ ಒಂದು ತುದಿಯಲ್ಲಿ ಕಾಗದದ ಚೂರೊಂದನ್ನು ಸಿಕ್ಕಿಸುತ್ತಾರೆ. ಬರೆಯುವ ಕಾಗದದ ದಪ್ಪ ಸುಮಾರು 0.1 ಮಿಲಿಮೀಟರ್, ಒರಗಿಯ ಉದ್ದ 100 ಮಿಲಿಮೀಟರ್ ಆದರೆ ಕೋನ ಬದಲಾಗುವುದು ಡಿಗ್ರಿಯ ಸುಮಾರು ಹದಿನೇಳನೆಯ ಒಂದು ಭಾಗ. ಹಲವು ಡಿಜಿಟಲ್ ಕೋನಮಾಪಕಗಳೂ ಭರವಸೆಯಿಂದ ಹೇಳಲಾಗದ ಈ ಪ್ರಮಾಣವನ್ನು ಹಳೆಯ ನೋಟ್‌ಪುಸ್ತಕದ ಹಾಳೆ ಒದಗಿಸುತ್ತದೆ.

ಪೆಟ್ಟಿಗೆ ಮತ್ತು ಮೇಜಿನ ಖಾನೆಗಳ ಮೂಲೆಗೆ ಬಳಸುವ ಡವ್‌ಟೇಲ್ ಜೋಡಣೆಯಲ್ಲಿಯೂ ಇದೇ ಧೋರಣೆ ಕಾಣುತ್ತದೆ. ತುದಿಯತ್ತ ಅಗಲವಾಗುವ ಹಲ್ಲುಗಳನ್ನು ಒಂದು ಹಲಗೆಯಲ್ಲಿ ಕೊಯ್ದ ಮೇಲೆ, ಅವುಗಳಿಗೆ ಎದುರಾದ ಗುಳಿಗಳನ್ನು ಅಳೆದು ಗುರುತಿಸುವುದಿಲ್ಲ. ಮೊದಲ ಹಲಗೆಯನ್ನೇ ಎರಡನೆಯದರ ಮೇಲಿಟ್ಟು, ಹಲ್ಲಿನ ಸುತ್ತ ಚೂಪಾದ ಚಾಕುವಿನಿಂದ ಗೀರುತ್ತಾರೆ. ಮೊದಲನೆಯದರಲ್ಲಿ ಹಲ್ಲುಗಳು ಅಸಮವಾಗಿದ್ದರೂ ಎರಡನೆಯದು ಅದೇ ಅಸಮತೆಯನ್ನು ತಳೆಯುವುದರಿಂದ ಜೋಡಣೆ ಬಿಗಿಯಾಗುತ್ತದೆ. ಪೆನ್ಸಿಲಿನ ಬದಲು ಚಾಕು ಬಳಸುವುದಕ್ಕೂ ಕಾರಣವಿದೆ: ಪೆನ್ಸಿಲಿನ ಗೆರೆಗೆ ಅರ್ಧ ಮಿಲಿಮೀಟರಿನ ದಪ್ಪವಿದ್ದು, ಕೊಯ್ಯಬೇಕಾದದ್ದು ಅದರ ಯಾವ ಬದಿಗೆ ಎಂಬ ಸಂಶಯ ಉಳಿಯುತ್ತದೆ, ಚಾಕುವಿನ ಗೀರಿಗೆ ಅಗಲವೇ ಇಲ್ಲವೆನ್ನಬಹುದು, ಮೇಲಾಗಿ ನಾರುಗಳನ್ನು ಮೊದಲೇ ಕತ್ತರಿಸಿರುವುದರಿಂದ ಉಳಿಯ ಬಾಯಿ ಆ ಗೀರಿನಲ್ಲಿ ತಾನೇ ಹೋಗಿ ಕೂರುತ್ತದೆ.

ಕೋನಗಳು ಸರಿಯಿದ್ದು ಎದುರುಬದುರಿನ ಪಟ್ಟಿಗಳ ಉದ್ದ ಒಂದೇ ಆಗಿರದಿದ್ದರೂ ಮೂಲೆ ಕೂಡುವುದಿಲ್ಲ. ಅದಕ್ಕಾಗಿ ಎರಡನ್ನೂ ಒಂದೇ ತಡೆಗೆ ಆನಿಸಿ ಕೊಯ್ಯುವುದು ರೂಢಿ. ಚೌಕಟ್ಟು ಮುಗಿದ ಮೇಲೆ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆದು ಹೋಲಿಸುತ್ತಾರೆ. ಆದರೆ ಎದುರು ಬಾಹುಗಳು ಸಮವಾಗಿದ್ದಾಗ ಮಾತ್ರ ಕರ್ಣಗಳ ಸಮತೆ ಲಂಬಕೋನಕ್ಕೆ ಸಾಕ್ಷಿ ಎಂಬುದನ್ನು ಅನೇಕರು ಮರೆಯುತ್ತಾರೆ. ಮೇಲೆ ಕಿರಿದಾಗಿ ಕೆಳಗೆ ಅಗಲವಾದ ಸಮದ್ವಿಬಾಹು ತ್ರಾಪಿಜ್ಯಕ್ಕೂ ಕರ್ಣಗಳು ಸಮವಾಗಿಯೇ ಇರುತ್ತವೆ. ಕರ್ಣಕ್ಕೂ ಲಂಬಕೋನಕ್ಕೂ ಇರುವ ನಂಟು ಬೌಧಾಯನ ಶುಲ್ಬಸೂತ್ರದಲ್ಲಿ ಯಜ್ಞವೇದಿಕೆಯ ಹಗ್ಗದ ಲೆಕ್ಕವಾಗಿ ಬಂದಿದ್ದು, ಮನೆಯ ಪಾಯ ಗುರುತಿಸುವವರು ಬಳಸುವ 3, 4, 5 ಅಡಿಗಳ ತ್ರಿಕೋನವೂ ಅದೇ ತತ್ತ್ವದ್ದು.

ಇಷ್ಟೆಲ್ಲ ಮುತುವರ್ಜಿಯಿಂದ ಮಾಡಿದ ಮೂಲೆಯೂ ಕೆಲವು ತಿಂಗಳಲ್ಲಿ ಬಾಯಿ ಬಿಡಬಹುದು. ಇದು ಎರಡನೆಯ ಮತ್ತು ಹೆಚ್ಚು ಮೊಂಡಾದ ತೊಡಕು; ಇಲ್ಲಿ ಬದಲಾಗುವುದು ಕೊಯ್ತವಲ್ಲ, ಮರ. ಮರವೆಂದರೆ ಉದ್ದಕ್ಕೆ ಜೋಡಿಸಿದ ಹುಲ್ಲುಕಡ್ಡಿಗಳ ಕಂತೆಯಂಥ ರಚನೆ. ಆ ಕಡ್ಡಿಗಳ, ಅಂದರೆ ಕೋಶಗಳ, ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳು ಬಹುಪಾಲು ಉದ್ದದ ದಿಕ್ಕಿನಲ್ಲಿಯೇ ಇರುತ್ತವೆ. ಗಾಳಿಯ ತೇವ ಹೆಚ್ಚಿದಾಗ ನೀರಿನ ಅಣುಗಳು ಎಳೆಗಳ ನಡುವೆ ಸೇರಿ ಅವನ್ನು ಪಕ್ಕಕ್ಕೆ ತಳ್ಳುತ್ತವೆ; ಒಣಗಿದಾಗ ಹೊರಹೋಗುತ್ತವೆ. ಆದ್ದರಿಂದ ಮರ ಅಡ್ಡಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ, ಉದ್ದಕ್ಕೆ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಹಸಿಮರ ಪೂರ್ತಿ ಒಣಗುವಾಗ ಸಾಗುವಾನಿ ತನ್ನ ಬೆಳವಣಿಗೆಯ ಉಂಗುರಗಳ ಗುಂಟ ಸುಮಾರು ಶೇ 5.8ರಷ್ಟೂ, ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಸುಮಾರು ಶೇ 2.5ರಷ್ಟೂ ಕುಗ್ಗುತ್ತದೆ, ಸಾಮಾನ್ಯವಾಗಿ ಮರದ ಉದ್ದ ಕುಗ್ಗುವುದು ಶೇ 0.1ರಿಂದ 0.2 ಮಾತ್ರ.

ಮಳೆಗಾಲದ ಮಂಗಳೂರಿನ ಗಾಳಿಯಲ್ಲಿ ಮರದ ತೇವಾಂಶ ಸುಮಾರು ಶೇ 18ಕ್ಕೆ ಬಂದು ನೆಲೆಗೊಳ್ಳಬಹುದು. ಅದೇ ಮರವನ್ನು ಏಪ್ರಿಲ್–ಮೇ ತಿಂಗಳ ಕಲಬುರಗಿಯಲ್ಲಿಟ್ಟರೆ ಶೇ 8ರ ಆಸುಪಾಸಿಗೆ ಇಳಿಯುತ್ತದೆ. ಕರಾವಳಿಯಲ್ಲಿ ಮಾಡಿದ 75 ಮಿಲಿಮೀಟರ್ ಅಗಲದ ಸಾಗುವಾನಿ ಚೌಕಟ್ಟೊಂದು ಹೀಗೆ ಪ್ರಯಾಣ ಮಾಡಿದರೆ, ಪಟ್ಟಿಯ ಅಗಲ ಉಂಗುರಗಳ ಗುಂಟವೇ ಇದ್ದ ಪಕ್ಷದಲ್ಲಿ, ಒಂದೂವರೆ ಮಿಲಿಮೀಟರಿನಷ್ಟು ಕುಗ್ಗುತ್ತದೆ. ಉದ್ದ ಬದಲಾಗದೆ ಅಗಲವಷ್ಟೇ ಕಡಿಮೆಯಾದ್ದರಿಂದ 45 ಡಿಗ್ರಿಯ ಓರೆ ಈಗ 45 ಡಿಗ್ರಿಯಾಗಿ ಉಳಿದಿಲ್ಲ, 44.4ರ ಹತ್ತಿರಕ್ಕೆ ಬಂದಿದೆ. ಎರಡು ಪಟ್ಟಿಗಳೂ ಹೀಗೆ ಬದಲಾದಾಗ ಮೂಲೆಯ ಹೊರತುದಿ ಕೂಡಿಕೊಂಡೇ ಇದ್ದು, ಒಳತುದಿಯಲ್ಲಿ 2 ಮಿಲಿಮೀಟರಿನ ಸಂದು ತೆರೆಯುತ್ತದೆ. ಒಣನಾಡಿನಲ್ಲಿ ಮಾಡಿ ಕರಾವಳಿಗೆ ಒಯ್ದರೆ ಇದರ ತಿರುಗುಮುರುಗು: ಒಳತುದಿಗಳು ಒಂದನ್ನೊಂದು ಒತ್ತಿ, ಹೊರತುದಿ ಬಿಚ್ಚಿಕೊಳ್ಳುತ್ತದೆ.

ಹೀಗಾಗಿ ಬಿರುಕು ಬಿಟ್ಟ ಚೌಕಟ್ಟು ತನ್ನ ಕಥೆಯನ್ನು ತಾನೇ ಹೇಳಬಲ್ಲದು. ಮೂರು ಮೂಲೆಗಳು ಬಿಗಿಯಾಗಿದ್ದು ಒಂದೇ ಬಾಯಿ ಬಿಟ್ಟಿದ್ದರೆ ತಪ್ಪು ಗರಗಸದ್ದು. ನಾಲ್ಕೂ ಒಂದೇ ಬಗೆಯಲ್ಲಿ ಒಳಗೆ ತೆರೆದಿದ್ದರೆ ಮರ ಒಣಗಿದೆ, ಹೊರಗೆ ತೆರೆದಿದ್ದರೆ ತೇವ ಕುಡಿದಿದೆ. ಪಟ್ಟಿ ಅಗಲವಾದಷ್ಟೂ ಈ ಚಲನೆ ಹೆಚ್ಚು. ಪೆಟ್ಟಿಗೆಯ ಮೂಲೆಯಲ್ಲಿ ಓರೆಗೆ ಕೊಯ್ಯುವುದು ಹಲಗೆಯ ದಪ್ಪವನ್ನು, ಅಗಲವನ್ನಲ್ಲ. 12 ಮಿಲಿಮೀಟರ್ ದಪ್ಪ ಎಷ್ಟು ಕುಗ್ಗಿದರೂ ಸಂದು ಮಿಲಿಮೀಟರಿನ ಮೂರನೆಯ ಒಂದು ಭಾಗವನ್ನು ಮೀರುವುದು ಕಷ್ಟವಾದ್ದರಿಂದ ಅಲ್ಲಿ ಮೈಟರ್ ಬಹುಕಾಲ ಬಾಳುತ್ತದೆ. ಪದರಗಳನ್ನು ಅಡ್ಡಡ್ಡ ಅಂಟಿಸಿದ ಪ್ಲೈವುಡ್ಡಿನಲ್ಲಿ ಒಂದು ಪದರದ ಅಡ್ಡ ಚಲನೆಯನ್ನು ಪಕ್ಕದ ಪದರದ ಉದ್ದನೆಯ ನಾರು ತಡೆಯುವುದರಿಂದ ಈ ಸಮಸ್ಯೆ ಬಹುಮಟ್ಟಿಗೆ ಇಲ್ಲ. ವಾರ್ನಿಷ್ ಬಳಿದರೆ ತೇವದ ಕೊಡುಕೊಳೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ.

ಅಂಟಿನ ವಿಷಯದಲ್ಲಿಯೂ ಮೈಟರ್ ದುರ್ಬಲ. ಓರೆಮುಖದಲ್ಲಿ ಕೋಶಗಳ ತೆರೆದ ಬಾಯಿಗಳಿರುವುದರಿಂದ ಅವು ಅಂಟನ್ನು ಒಳಕ್ಕೆ ಹೀರಿಕೊಂಡು ಸಂದನ್ನು ಬರಿದುಮಾಡುತ್ತವೆ. ಮೊದಲು ತೆಳುವಾದ ಒಂದು ಲೇಪ ಬಳಿದು, ಅದು ಇಂಗಿದ ಮೇಲೆ ಎರಡನೆಯದನ್ನು ಬಳಿಯುವುದು ಇದಕ್ಕಾಗಿಯೇ. ಇನ್ನೂ ಬಲ ಬೇಕಿದ್ದರೆ ಮೂಲೆಯ ಅಡ್ಡಕ್ಕೆ ಗರಗಸದಿಂದ ಸೀಳಿ, ಆ ಸೀಳಿನಲ್ಲಿ ತೆಳುವಾದ ಮರದ ಬಿಲ್ಲೆಯನ್ನು ಕೂರಿಸುತ್ತಾರೆ. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಬಡಗಿ ಹರ್ಮನ್ ಸ್ಟೈನರ್ ರೂಪಿಸಿದ ಬಿಸ್ಕತ್ ಜೋಡಣೆಯಲ್ಲಿ ಈ ಬಿಲ್ಲೆಯನ್ನು ಬೀಚ್ ಮರದಿಂದ ಒತ್ತಿ ಅದುಮಿ ತಯಾರಿಸುತ್ತಾರೆ. ಅಂಟಿನ ನೀರನ್ನು ಕುಡಿದು ಅದು ಉಬ್ಬಿ ಸೀಳಿನಲ್ಲಿ ಬಿಗಿಯಾಗುತ್ತದೆ. ಮರದ ಉಬ್ಬುವ ಗುಣವನ್ನು ಶಾಪವೆಂದು ಬಗೆಯದೆ ಕೆಲಸಕ್ಕೆ ಹಚ್ಚಿದ ಜಾಣತನವಿದು. ಚೀನಾದ ಮಿಂಗ್ ಕಾಲದ (1368–1644) ಪೀಠೋಪಕರಣಗಳಲ್ಲಿ ಹೊರಗೆ ಮೈಟರಿನ ಓರೆಗೆರೆ ಮಾತ್ರ ಕಾಣುವಂತೆ ಮಾಡಿ, ಒಳಗೆ ಕಂಡಿ ಮತ್ತು ನಾಲಗೆಯನ್ನು ಅಡಗಿಸಿರುತ್ತಾರೆ. ಮೇಜಿನ ನಡುಹಲಗೆಯನ್ನು ಅಂಟಿಸದೆ ಚೌಕಟ್ಟಿನ ತೋಡಿನಲ್ಲಿ ಸಡಿಲವಾಗಿ ಕೂರಿಸಿ, ಅದು ಋತುಮಾನಕ್ಕೆ ತಕ್ಕಂತೆ ಹಿಗ್ಗಿ ಕುಗ್ಗಲು ಬಿಟ್ಟಿರುತ್ತಾರೆ. ನಮ್ಮ ಮನೆಗಳ ಹಲಗೆ ಕೂರಿಸಿದ ಬಾಗಿಲುಗಳಲ್ಲಿರುವುದೂ ಇದೇ ಏರ್ಪಾಡು.

ಬೇಸಿಗೆಯಲ್ಲಿ ಒಳತುದಿಯಲ್ಲಿ ತೆರೆದ ಸಂದಿಗೆ ಗಟ್ಟಿಯಾದ ಪುಟ್ಟಿ ತುಂಬಿ ಬಣ್ಣ ಹಚ್ಚುವ ಪರಿಪಾಠ ಎಲ್ಲೆಡೆ ಇದ್ದರೂ, ಅದು ರಿಪೇರಿಯಲ್ಲ. ಮಳೆ ಬಂದು ಮರ ಮೊದಲಿನ ಅಗಲಕ್ಕೆ ಮರಳುವಾಗ ಆ ಪುಟ್ಟಿ ಮೂಲೆಗೆ ಹೊಡೆದ ಬೆಣೆಯಾಗಿ, ಅಲ್ಲಿಯವರೆಗೆ ಗಟ್ಟಿಯಾಗಿದ್ದ ಹೊರತುದಿಯನ್ನು ಸೀಳುತ್ತದೆ. ಅದಕ್ಕಿಂತ ಜುಲೈ ತಿಂಗಳವರೆಗೆ ಕಾಯುವುದು, ಆಗಲೂ ಸಂದು ಮುಚ್ಚದಿದ್ದರೆ ಚೌಕಟ್ಟನ್ನು ಬಿಚ್ಚಿ ಮತ್ತೆ ಹೆರೆಯುವುದು ಮೇಲು.